ಚೆಂಡುಹೂವಿನ ಪುಡಿ

ಪಾರ್ಲರಿನ ಬಾಗಿಲಲ್ಲೇ ಗಾಜಿನ ತೊಟ್ಟಿ.
ಎರಡಡಿ ಉದ್ದ, ಹದಿನೇಳು ಗೋಲ್ಡ್‌ಫಿಶ್.
ತಂದ ದಿನ ಕಿತ್ತಳೆ ಸಿಪ್ಪೆಯ ಹಾಗಿದ್ದವು,
ಮೂರು ತಿಂಗಳಿಗೆ
ಎರಡನೇ ಸಲ ಕುದಿಸಿದ ಚರಟದ ಟೀ.

"ಗಿರಾಕಿ ಕಣ್ಣಿಗೆ ಮೊದಲು ಬೀಳೋದೇ ಇದು" ಅಂತ
ಜೆಸಿಂತಾ ಮೇಡಂ ಶಿವಾಜಿನಗರಕ್ಕೆ ಅಟ್ಟಿದರು,
ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟು,
ಸಾಕ್ಷಿಗೆ.

ಬಸ್ಸಿನಲ್ಲಿ ಮಡಿಲ ಮೇಲಿನ ನೀರು
ಪ್ರತಿ ಬ್ರೇಕಿಗೂ ಹೊಟ್ಟೆಗೆ ಒರಗಿತು.
ಪಕ್ಕದವಳು ಕೇಳಿದಳು, "ಹುಷಾರಿಲ್ವಾ?"
ನನ್ನನ್ನೋ, ಮೀನನ್ನೋ.

ದಸ್ತಗೀರ್ ಸಾಬರು ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದರು,
ಎಕ್ಸ್‌ರೇ ನೋಡುವವರ ಹಾಗೆ.
"ಏನು ಹಾಕ್ತೀರಮ್ಮ?"
"ಬಿಸ್ಕತ್ತು. ಒಮ್ಮೊಮ್ಮೆ ಬನ್ನಿನ ಚೂರು."
"ಎಷ್ಟಿವೆ?"
ಹೇಳಿದೆ.
ಸ್ವಲ್ಪ ಹೊತ್ತು ಅವರು ಏನೂ ಅನ್ನಲಿಲ್ಲ.

ಕೆಂಪನ್ನು ಮೀನು ತಾನೇ ಮಾಡಿಕೊಳ್ಳೋಲ್ಲ, ಅಂದರು,
ತಿಂದೇ ಹೊದೆಯಬೇಕು.
ಸೀಗಡಿ ಪುಡಿ, ಕ್ಯಾರೆಟ್ಟು, ಪಾಚಿ,
ಕೊಟ್ಟದ್ದು ಚರ್ಮದ ತನಕ ಬರುತ್ತೆ.
ಆದರೆ ಇಕ್ಕಟ್ಟಿನಲ್ಲಿ
ತಿಂದದ್ದೂ ಮೈಗೆ ಹತ್ತೋಲ್ಲ,
ಬಣ್ಣ ಮುದುಡಿ ಚುಕ್ಕಿಯಾಗುತ್ತೆ.
"ಹೋಗೋದಲ್ಲಮ್ಮ, ಅಡಗಿಕೊಳ್ಳೋದು."

ಆಯುಧಪೂಜೆಯ ಮರುದಿನ
ಕೆ.ಆರ್. ಮಾರ್ಕೆಟ್ಟಿನಲ್ಲಿ ಮಾರದೆ ಉಳಿದ ಚೆಂಡುಹೂವು
ಮೂಟೆಗಟ್ಟಲೆ ತಂದು, ಔಷಧಿ ಹೋಗಲೆಂದು ಮೂರು ನೀರಲ್ಲಿ ತೊಳೆದು
ತಾರಸಿಯ ನೆರಳಲ್ಲಿ ಒಣಗಿಸುತ್ತಾರಂತೆ ಅವರ ತಂಗಿ.
ಒಂದು ಪೊಟ್ಟಣ, ಮೂವತ್ತು ರೂಪಾಯಿ.
"ಚಿಟಿಕೆ ಸಾಕು. ಒಗ್ಗರಣೆಗೆ ಇಂಗಿನ ಹಾಗೆ.
ತೊಟ್ಟಿಗೆ ಐದೇ."

"ಐದಾ?" ಮೇಡಂ ನಕ್ಕರು.
"ಅಂಗಡಿ ಮುಚ್ಚಿದ್ದಾರೆ ಅಂದ್ಕೋತಾರೆ."

ರಾತ್ರಿ ರೂಮಿನಲ್ಲಿ ಆರು ಹಾಸಿಗೆ.
ನನ್ನ ಬೆನ್ನಿಗೆ ರತ್ನಾವತಿಯ ಮೊಣಕೈ.
ನಿದ್ದೆ ಬಾರದೆ
ಹದಿನೇಳರಲ್ಲಿ ಐದು ಕಳೆದೆ.

ಮರು ಸೋಮವಾರ ಎರಡು "ಸತ್ತವು".
ಡಬ್ಬಿಯಲ್ಲಿ ಕೂತು ಶಿವಾಜಿನಗರಕ್ಕೆ ಹೋದವು.
ಆಮೇಲಿನ ವಾರ ಮೂರು. ಮೇಡಂ ಅಂದರು,
"ಛೆ, ಏನು ದೃಷ್ಟಿನೋ."
ಅವರೇ ಒಂದು ನಿಂಬೆಹಣ್ಣು ಕಟ್ಟಿಸಿದರು.

ಕ್ರಿಸ್ಮಸ್ಸಿನ ಹೊತ್ತಿಗೆ ಆರು ಉಳಿದಿದ್ದವು.
ಒಂದು ಬೆಳಗ್ಗೆ ಶಟರ್ ಎತ್ತಿದೆ,
ಸಿಗ್ನಲ್ ಬಿದ್ದ ಹಾಗೆ
ನಿಂತುಬಿಟ್ಟೆ.

ದಿನಕ್ಕೆ ಎಂಟು ಮುಖದ ಬಣ್ಣ ಇಳಿಸುವ ಕೈ ಇದು.
ಇನ್ನೂ ಪುಡಿಯ ವಾಸನೆ.

ಮದುವೆಗೆ ನಾಲ್ಕು ದಿನ ಇದ್ದ ಹುಡುಗಿ,
ಬ್ಲೀಚಿನ ಕೆಳಗಿಂದ, ಕಣ್ಣು ಮುಚ್ಚಿಕೊಂಡೇ ಕೇಳಿದಳು:
"ಅಕ್ಕ, ಆ ಮೀನಿಗೆ ಏನು ಹಾಕ್ತೀರಿ?"

ಹೂವು, ಅಂದೆ.
ಹತ್ತು ನಿಮಿಷ ಮಾತಾಡಬೇಡಿ.
ಉರಿದರೆ ಕೈ ಎತ್ತಿ.