ಹದಿನಾಲ್ಕನೆಯ ಕಾಲಂ

ಹದಿನಾಲ್ಕನೆಯ ಕಾಲಂ ಎರಡು ಬೆರಳಗಲ.
ರೋಗಿ ಬೇರೆ ವಾಹನದಲ್ಲಿ ಯಾಕೆ ಬರಲಾಗಲಿಲ್ಲ?
ಬಸ್ಸಿರಲಿಲ್ಲ ಅಂದರೆ ಅದು ಕಾರಣವಲ್ಲ.
ಆಟೊದವನು ಒಲ್ಲೆನೆಂದ, ಅದೂ ಅಲ್ಲ.
ಭಯವಾಯಿತು ಅನ್ನುವುದಕ್ಕೆ ಕೋಡಿಲ್ಲ.
ಕೂರಲಾರದೆ ಇರಬೇಕು. ಹಾಗೆಂದು
ಡಾಕ್ಟರು ಬರೆದು, ಡ್ರೈವರೂ ಬರೆದು,
ಎರಡು ಬರಹವೂ ತಾಳೆಯಾಗಬೇಕು.

ತಾಳೆ ನೋಡುವವಳು ನಾನು.
ಕೋಲಾರದ ಆಸ್ಪತ್ರೆಯ ನೆಲಮಾಳಿಗೆ,
ಜನರೇಟರಿನ ಪಕ್ಕದ ಮೇಜು.

ನಂಗಲಿಯ ಅಕ್ಕಯ್ಯಮ್ಮ, ಅರವತ್ತೆಂಟು,
ವಾರಕ್ಕೆ ಮೂರು ಡಯಾಲಿಸಿಸ್,
ಸೊಸೆಗೆ ನರಸಾಪುರದ ಕಾರ್ಖಾನೆ ಕೊಟ್ಟ ವಿಮೆ.
ಡಾಕ್ಟರ ಸೀಲು ಹೇಳುತ್ತದೆ: ಕೂರಲಾರರು.
ಚಾಂದ್ ಪಾಷಾನ ಟ್ರಿಪ್ ಶೀಟು,
ಎಡಕ್ಕೆ ವಾಲಿದ ದುಂಡಕ್ಷರದಲ್ಲಿ: ಕೂತು ಬಂದರು.
ಎರಡೇ ಪದ. ಹನ್ನೊಂದು ಟ್ರಿಪ್ಪಿನ ಬಿಲ್ಲು ವಾಪಸು.

ತಿದ್ದು ಅಂತ ಕೇಳಲಿಲ್ಲ ಎಂದರೆ ಸುಳ್ಳು.
ಕೇಳಿದೆ. ಅವನು ಟೀ ಲೋಟ ಕೆಳಗಿಟ್ಟ.
"ಹೋದ ವರ್ಷ, ಮೇಡಂ, ದಾರಿಯುದ್ದ ಫೋನಲ್ಲಿ
ಹಸು ವ್ಯಾಪಾರ ಮಾಡ್ಕೊಂಡು ಬಂದೋನಿಗೆ
ಪ್ರಜ್ಞೆ ಇಲ್ಲ ಅಂತ ಬರೆಸಿದ್ರಿ.
ತಪಾಸಣೆಯೋರು ಬಂದಾಗ ಕೇಳಿದ್ದು ನನ್ನ."
ಹೌದು. ಆರು ದಿನದ ಸಂಬಳ ಹೋಗಿತ್ತು, ಅವನದು.

ಗುರುವಾರ ಬೆಳಗಿನ ನಾಲ್ಕೂವರೆಗೆ
ಸಿಲಿಂಡರಿಗೆ ಮೊಣಕಾಲು ಆನಿಸಿ ನಾನೇ ಕೂತೆ.
ನಂಗಲಿಯಲ್ಲಿ ನಾಯಿಗಳೂ ಎದ್ದಿರಲಿಲ್ಲ.
ಮಂಚದಿಂದ ಸ್ಟ್ರೆಚರಿಗೆ, ಸ್ಟ್ರೆಚರಿಂದ ಗಾಡಿಗೆ.
ಅಕ್ಕಯ್ಯಮ್ಮನ ಕಾಲಿನ ಮೇಲೆ ನನ್ನ ಹೆಬ್ಬೆರಳು ತಾಗಿ
ಕುಳಿಯೊಂದು ಬಿತ್ತು; ಮುಳಬಾಗಿಲು ಬಂದರೂ ತುಂಬಲಿಲ್ಲ.

ಮಲಗಿಸಿದೆವು. ಅರ್ಧ ನಿಮಿಷ.
ಬಾವಿಗೆ ಬಿದ್ದವರ ಹಾಗೆ ಕೈ ಮೇಲೆತ್ತಿ
ನನ್ನ ಸೆರಗು, ಸಲೈನಿನ ಕಂಬಿ, ಸಿಕ್ಕಿದ್ದನ್ನು ಹಿಡಿದು
ಎದ್ದು ಕೂತರು.
ನನಗೆ ತೆಲುಗಿನಲ್ಲಿ ಬೈದರು,
ಉಸಿರು ಮರಳಿದ ಮೇಲೆ ಕನ್ನಡದಲ್ಲಿ ತಪ್ಪಾಯಿತು ಎಂದರು.
ಮತ್ತೆ ಕೋಲಾರದ ತನಕ ಕೂತೇ ಇದ್ದರು,
ಹಿಂದೆ ದಿಂಬಿನಂತೆ ಸೊಸೆಯ ಬೆನ್ನು,
ಮೂಗಿಗೆ ನಳಿಕೆ, ಮುಂದೆ ಟೊಮೇಟೊ ಕ್ರೇಟಿನ ಲಾರಿಗಳು,
ಪಾಷಾ ಹಾರನ್ ಒತ್ತದೆ ಹಿಂದೆ ಹಿಂದೆ.

ಒಂಬತ್ತು ವರ್ಷದಿಂದ ಈ ಕೆಲಸ.
ಕೂರಬಲ್ಲರೇ ಎಂದು ಕೇಳಿದ್ದೇನೆ, ಸಾವಿರ ಸಲ.
ಮಲಗಬಲ್ಲರೇ ಅಂತ ಒಮ್ಮೆಯೂ ಇಲ್ಲ.

ಡಾಕ್ಟರ ಬಳಿ ಹೋಗಿ ಹೇಳಿದೆ: ನಿಮ್ಮ ಸೀಲು ಸುಳ್ಳು.
ಅವರಿಗೆ ರೇಗಿತು. ಸೀಲು ಮಾಡಿಸಿದ್ದು ನೀನೇ ಅಂದರು.
ಅದೂ ನಿಜ. ಮುಖ್ಯ ರಸ್ತೆಯ ಅಂಗಡಿ, ನೂರಿಪ್ಪತ್ತು ರೂಪಾಯಿ,
ರಸೀದಿ ಇನ್ನೂ ನನ್ನ ಫೈಲಿನಲ್ಲಿದೆ.
ಆಮೇಲೆ ಪೆನ್ನು ತೆಗೆದು ಅದಕ್ಕೆ ಗೀಟೆಳೆದು
ಕೈಯಾರೆ ಬರೆದರು:
ಶ್ವಾಸಕೋಶದಲ್ಲಿ ನೀರು. ಮಲಗಿದರೆ ಉಸಿರು ನಿಲ್ಲುತ್ತದೆ.
ಕೂರಿಸಿ, ಹಿಡಿದು, ಆಮ್ಲಜನಕ ಕೊಟ್ಟೇ ತರಬೇಕು.

ಎರಡು ಬೆರಳಗಲದಲ್ಲಿ ಹಿಡಿಯಲಿಲ್ಲ.
ಹಾಳೆ ಅಡ್ಡ ತಿರುಗಿಸಿ ಅಂಚಿನಲ್ಲಿ ನಾನು ಮುಗಿಸಿದೆ.
ಹಿಂದಿನ ಹನ್ನೊಂದನ್ನು ಮುಟ್ಟಲಿಲ್ಲ;
ಆ ದಿನಗಳಲ್ಲಿ ಗಾಡಿಯೊಳಗೆ ನಾನಿರಲಿಲ್ಲ.

ವಿಮೆಯವರ ಉತ್ತರ ಬಂದಿಲ್ಲ.
ಶನಿವಾರದ ಟ್ರಿಪ್ ಶೀಟು ಬಂದಿದೆ.
ಕೂತು ಬಂದರು, ಅದೇ ವಾಲಿದ ಅಕ್ಷರ,
ಪಕ್ಕದಲ್ಲೊಂದು ಬಾಣದ ಗುರುತು.
ಮಗುಚಿದೆ. ಹಿಂಬದಿ ತುಂಬ ಬರೆದಿದ್ದಾನೆ:
ಮುಳಬಾಗಿಲು ದಾಟಿ ಎರಡು ಸಲ ನಿಲ್ಲಿಸಿದೆ.
ಮೊದಲನೇ ಸಲ ಏಳು ನಿಮಿಷ.