ಏಳು ಹೆಜ್ಜೆ ಹೆಚ್ಚು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ರೇಡಿಯೇಟರ್ ಬೆಸೆಯುವ ಖಲಂದರನ ಅಂಗಡಿ ಹಿಂದೆ
ತಿಂಗಳಿಗೆ ಒಂದೂವರೆ ಸಾವಿರದ ಶೆಡ್ಡು.
ಭಾನುವಾರ ನನ್ನದು, ಉಳಿದ ದಿನ ಹಳೇ ಟೈರಿನದು.
ಅಲ್ಲಿ ನಾನು ಕಟ್ಟಿದ ಯಂತ್ರ:
ಮೂರು ಮೋಟಾರು, ಮೂರು ತಿರುಪುಕಂಬಿ,
ನಿಮಿಷಕ್ಕೆ ಹತ್ತು ಸಾವಿರ ಸುತ್ತುವ ಒಂದು ಪುಟ್ಟ ಕಟ್ಟರ್.

ಮೊದಲು ಹಳೆಯ ಕಂಪ್ಯೂಟರಿನ ಕೈಗೆ ಲಗಾಮು ಕೊಟ್ಟಿದ್ದೆ.
ಅದಕ್ಕೆ ನೂರೆಂಟು ಮನೆವಾರ್ತೆ:
ಗಡಿಯಾರ ನೋಡಬೇಕು, ಪರದೆ ಒರೆಸಬೇಕು,
ಯಾರೋ ಬಾಗಿಲು ಬಡಿದರೆ ಎದ್ದು ಹೋಗಿ ಕೇಳಬೇಕು.
ಆ ಗಳಿಗೆ ಮೋಟಾರು ಎಡವುತ್ತಿತ್ತು,
ಗರ್ ಎಂದು ಗೊಣಗಿ ನಿಂತೇಬಿಡುತ್ತಿತ್ತು.

ಆಮೇಲೆ ಬಂತು ಈ ಎಫ್‌ಪಿಜಿಎ ಬೋರ್ಡು, ಅಂಗೈಯಗಲ.
ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಎಂಟು ವರ್ಷ
ಹುಡುಗರಿಗೆ ದೀಪ ಮಿಣುಕಿಸಲು ಕಲಿಸಿ ಸಾಕಾಗಿ
ಒಂದನ್ನು ನನ್ನ ಸಂಬಳದಲ್ಲೇ ಕೊಂಡೆ.
ಇದರೊಳಗೆ ಪ್ರೋಗ್ರಾಮು ಓಡುವುದಿಲ್ಲ,
ಓಡುವವರೇ ಇಲ್ಲ. ಇರುವುದು ಬರೀ ಬಾಗಿಲು, ತಂತಿ.
ಹೀಗೆ ಸೇರಿಕೊಳ್ಳಿ ಅಂದರೆ ಎಣಿಸುವವರಾಗುತ್ತಾರೆ,
ಹಾಗೆ ಅಂದರೆ ಹೋಲಿಸುವವರು.
ಮೂರು ಮೋಟಾರಿಗೆ ಮೂವರು, ಯಾರೂ ಯಾರಿಗೂ ಕಾಯದೆ
ಸೆಕೆಂಡಿಗೆ ಐದು ಕೋಟಿ ಸಲ
ಒಟ್ಟಿಗೆ ಉಸಿರಾಡುತ್ತಾರೆ.

ಮೊದಲ ವಾರವೇ ಅದರ ಒಂದು ಕಾಲು ಸುಟ್ಟೆ.
ಮೂರು ಚಿಲ್ಲರೆ ವೋಲ್ಟಿನ ಜೀವಕ್ಕೆ ಐದು ಕುಡಿಸಿದ್ದೆ.
ಸುಟ್ಟ ವಾಸನೆಗಳ ನಿಘಂಟೇ ಬಲ್ಲ ಖಲಂದರ್
ಗೋಡೆಯಾಚೆಯಿಂದಲೇ ಹೇಳಿದ: ಮೇಡಂ, ಹೋಯ್ತು.

ಸವರಿಮುತ್ತು ಬಂದದ್ದು ಅವನ ಅಂಗಡಿಗೆ, ನನ್ನ ಯಂತ್ರಕ್ಕಲ್ಲ.
ಭದ್ರಾವತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟರ್ನರ್.
ಎಡಗಿವಿ ಪೂರಾ ಹೋಗಿದೆ,
ಬಲಗಿವಿ ಇಷ್ಟ ಬಂದರೆ ಕೇಳುತ್ತದೆ.
ಹಲಸಿನ ಹಲಗೆಯಲ್ಲಿ ನಾನು ಕೊರೆದ ಮೊದಲ ಬಿಲ್ಲೆ ಎತ್ತಿ,
ಹಳದಿ ಪುಡಿ ಊದಿ, ಕಣ್ಣು ಮುಚ್ಚಿ
ಅಂಚಿನ ಮೇಲೆ ಹೆಬ್ಬೆರಳ ಉಗುರು ಒಂದು ಸುತ್ತು ತಂದರು.
"ಇಲ್ಲಿ. ಇಲ್ಲಿ. ಇಲ್ಲಿ. ಮತ್ತೆ ಇಲ್ಲಿ.
ನಾಲ್ಕು ಕಡೆ ಚಪ್ಪಟೆ. ಇದಕ್ಕೆ ವೃತ್ತ ಅಂತೀರ?"

ನನ್ನ ಸಿಮ್ಯುಲೇಶನ್ನಿನಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ.
ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಅವರು ನೋಡಲಿಲ್ಲ.
ತಿರುಪಿನ ನಟ್ಟು ಹಿಡಿದು ಆಚೆ ಈಚೆ ಅಲ್ಲಾಡಿಸಿದರು.
"ಹೋಗ್ತಾ ಸರಿಯಾಗೇ ಹೋಗತ್ತೆ. ತಿರುಗಿ ಬರೋವಾಗ
ಬಂದೆ, ಬಂದೆ ಅನ್ನತ್ತೆ, ಬರಲ್ಲ.
ಎರಡು ಕೂದಲಿಗೆ ಚೂರು ಕಮ್ಮಿ."

ನನ್ನ ಲೆಕ್ಕದಲ್ಲಿ ಒಂದು ಹೆಜ್ಜೆ ಅಂದರೆ ಕಾಲು ಕೂದಲು.
ಅವರು ಹೋದ ಮೇಲೆ ಡಯಲ್ ಇಟ್ಟು ಅಳೆದೆ:
ಏಳು.

ಆ ರಾತ್ರಿ ದಿಕ್ಕಿನ ತಂತಿಗೆ ಒಬ್ಬ ಕಾವಲುಗಾರನನ್ನು ಬರೆದೆ.
ತಿರುಗಿದಾಗೆಲ್ಲ ಏಳು ಹೆಜ್ಜೆ ಹೆಚ್ಚು ಹಾಕು,
ಯಾರ ಲೆಕ್ಕಕ್ಕೂ ಸೇರಿಸಬೇಡ.
ರಿಜಿಸ್ಟರಿಗೊಂದು ಹೆಸರು ಬೇಕಿತ್ತು, ಮುತ್ತು ಅಂತ ಇಟ್ಟೆ.
ಏಳು ಹೆಜ್ಜೆ ಜೊತೆಗೆ ನಡೆದವರು ನೆಂಟರು ಅನ್ನುತ್ತಿದ್ದಳು ಅಜ್ಜಿ.
ಹಿಮ್ಮುಖ ನಡೆದರೆ ಏನೆಂದು ಹೇಳಿರಲಿಲ್ಲ.

ಮುಂದಿನ ಭಾನುವಾರ
ವೃತ್ತ ಮುಕ್ಕಾಲಾಗಿದ್ದಾಗ ಕರೆಂಟು ಹೋಯಿತು.
ದೀಪ ಆರಿದ್ದೇ ತಡ ಒಳಗಿನ ಎಣಿಸುವವರು, ಕಾವಲುಗಾರ,
ಎಲ್ಲ ಬಯಲು.
ಕರೆಂಟು ಹೋದರೆ ತಾನು ಯಾರೆಂದು ಇದು ಮರೆಯುತ್ತದೆ,
ಬಂದ ಮೇಲೆ ಪಕ್ಕದ ಚಿಪ್ಪು ಮೊದಲಿಂದ ಹೇಳಿಕೊಡಬೇಕು ಎಂದು
ಅವರ ಬಲಗಿವಿಗೆ ಕೂಗಿ ಹೇಳಿದೆ.
"ಎಲ್ಲ ನೆನಪಾಗಕ್ಕೆ ಎಷ್ಟು ಹೊತ್ತು ಬೇಕು ಅದಕ್ಕೆ?"
ಸೆಕೆಂಡಿನ ಹತ್ತನೇ ಒಂದು ಪಾಲು ಅಂದೆ.
"ಪುಣ್ಯವಂತ," ಅಂದರು.

ಮೂರನೆಯ ಬಿಲ್ಲೆಯ ಮೇಲೆ ಉಗುರು ಎಲ್ಲೂ ನಿಲ್ಲಲಿಲ್ಲ.
ಎರಡು ಸಲ ಸುತ್ತಿಸಿದರು. ಏನೂ ಹೇಳಲಿಲ್ಲ.
ಐದೂವರೆಯ ಭದ್ರಾವತಿ ಬಸ್ಸಿಗೆ ಹೊರಟವರು
ಅದನ್ನು ಮೇಜಿನ ಮೇಲೇ ಬಿಟ್ಟು
ಮೊದಲನೆಯ ಸೊಟ್ಟದ್ದನ್ನು ಕೇಳಿದರು,
ನೀರಿನ ತಂಬಿಗೆಗೆ ಮುಚ್ಚಳ ಆಗತ್ತೆ ಅಂತ.
ಅದು ಸರಿಯಾಗಿ ಕೂರಲ್ಲ ಅಂದೆ.
ಕೇಳಿಸಲಿಲ್ಲವೋ ಏನೋ,
ನಾನು ಎಡಗಡೆ ನಿಂತಿದ್ದೆ.