ಮೂರು – ಒಂದು

ಮೊದಲು ಕೆಟ್ಟದ್ದು ಸಪ್ಪಳ.
ಒಳಗಿನ ಫ್ಯಾನು ಘಟ್ಟ ಹತ್ತುವ ಟೆಂಪೋದಂತೆ
ನಾಲ್ಕು ದಿನದಿಂದ ಏದುಸಿರು ಬಿಡುತ್ತಿತ್ತು.
ನಾನು ಕೇಳಿಯೂ ಕೇಳದವಳಂತೆ
ಟಿವಿಯ ದನಿ ಎರಡು ಗೆರೆ ಏರಿಸಿದೆ.

ಅರ್ಧ ಗಂಟೆಗೆ ಹತ್ತು ರೂಪಾಯಿ.
ಕೋಡಿಬಾಗದ ಈ ಕೋಣೆಯಲ್ಲಿ ಮೊದಲು
ಹೊಲಿಗೆ ಮಷೀನಿತ್ತು; ಅದು ಹೇಳಿ ಕೆಡುತ್ತಿತ್ತು,
ಸೂಜಿಯಾದರೆ ಸೂಜಿ, ಬೆಲ್ಟಾದರೆ ಬೆಲ್ಟು.
ಅರ್ಗಾದ ನೇವಿ ಕ್ವಾರ್ಟರ್ಸಿನವರು ವರ್ಗವಾಗಿ ಹೊರಟಾಗ
ಅರ್ಧ ಬೆಲೆಗೆ ಬಿಟ್ಟುಹೋದ ಬಿಳಿ ಎಕ್ಸ್‌ಬಾಕ್ಸ್ ಹಾಗಲ್ಲ.
ಒಂದೇ ಸಲಕ್ಕೆ ಕಣ್ಣು ಕೆಂಪು ಮಾಡಿತು.

ಎಪ್ಪತ್ನಾಲ್ಕನೇ ನಿಮಿಷ.
ಬಾಬುಸೋ ತಾಂಡೇಲನದು ಮೂರು, ಮುಜಮ್ಮಿಲನದು ಒಂದು.
ಪರದೆ ಲುಂಗಿಯ ಹಾಗೆ ಚೌಕಳಿ ಚೌಕಳಿಯಾಗಿ ನಿಂತಿತು,
ಒದ್ದ ಚೆಂಡು ಗಾಳಿಯಲ್ಲೇ ಸಿಕ್ಕಿಕೊಂಡು.
ಗುಂಡಿಯ ಸುತ್ತ ಮೂರು ಕೆಂಪು ದೀಪ.
"ಗೆದ್ದದ್ದು ನಾನು, ಬರೆದಿಡು ಶೈಲಕ್ಕ."
"ಹದಿನಾರು ನಿಮಿಷ ಬಾಕಿ ಇತ್ತು, ಬರೆದಿಡು ಶೈಲಕ್ಕ."
ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ
ಎರಡನ್ನೂ ಬರೆದಿಟ್ಟೆ.

ಮದ್ದು ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ.
ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಹಚ್ಚಿಡು, ಅಂದನೊಬ್ಬ.
ಸುತ್ತಿದೆ, ಹಸುಗೂಸಿಗೆ ಸುತ್ತಿದಂತೆ, ಕಿವಿ ಮುಚ್ಚಿ.
ಒಂದು ಸಂಜೆ ಎದ್ದು ಕೂತಿತು. ರಾತ್ರಿ ಮತ್ತೆ ಬಿತ್ತು.
ಐಸ್ ಪ್ಲಾಂಟಿನ ಹುಡುಗ ಥರ್ಮೋಕೋಲ್ ಡಬ್ಬಿಯಲ್ಲಿ
ಐಸಿನ ಗಡ್ಡೆ ಹೊತ್ತು ತಂದ, ಬಂಗಡೆ ವಾಸನೆಯ ಸಮೇತ;
ಅವನನ್ನು ಹೊಸಿಲಲ್ಲೇ ತಡೆದೆ.
ಅತ್ತೆ ಯಾರಿಗೂ ಹೇಳದೆ
ಮೆಣಸು ಉಪ್ಪು ನಿವಾಳಿಸಿ ಒಲೆಗೆ ಹಾಕಿದರು.
ಘಾಟು ಬರಲಿಲ್ಲ. ದೃಷ್ಟಿಯೇ ಅಂತ ಅವರ ತೀರ್ಪು.

ಗ್ರೀನ್ ಸ್ಟ್ರೀಟಿನ ಹಿಂದಿನ ಓಣಿಯ ಇನಾಸ
ಬೋಟುಗಳ ವೈರ್‌ಲೆಸ್ಸು, ಮೀನು ತೋರುವ ಪರದೆ
ರಿಪೇರಿ ಮಾಡುವವನು. ಮುಚ್ಚಳ ಬಿಚ್ಚಿ
ಭೂತಗನ್ನಡಿ ನನ್ನ ಕೈಗೇ ಕೊಟ್ಟ.
ತಾಮ್ರದ ಗೆರೆಗಳ ಮೇಲೆ ಹಸಿರು ಹಿಟ್ಟು,
ನಲ್ಲಿಯ ಬುಡಕ್ಕೆ ಕಟ್ಟುತ್ತದಲ್ಲ, ಅಂಥದ್ದು.
"ಮೀಠ, ಬಾಯೆ. ಉಪ್ಪು.
ಕಡಲಿಗೆ ಇಳಿಯದಿದ್ದರೇನು, ಇದೂ ಕಾರವಾರದ್ದೇ ಅಲ್ಲವಾ."
ಅತ್ತೆ ಒಲೆಗೆ ಹಾಕಿದ ಉಪ್ಪು ನೆನಪಾಯಿತು.
ನಗಲಿಲ್ಲ.

ಬೆಸುಗೆ ಬಿಟ್ಟಿದೆ, ಕಾಯಿಸಿ ಕೂರಿಸುತ್ತೇನೆ, ಅಂದ.
ಗ್ಯಾರಂಟಿ?
"ನನ್ನ ಅಂಗಡಿಯ ಮೆಟ್ಟಿಲು ಇಳಿಯುವ ತನಕ."
ಒಳಗಿನ ತಗಡಿನ ಪಟ್ಟಿ ಕಿತ್ತೆಸೆದು
ಯಾವುದೋ ಬೋಟಿನ ಜಿಪಿಎಸ್‌ನಿಂದ ಉಳಿದ
ನಾಲ್ಕು ಸ್ಟೀಲ್ ಬೋಲ್ಟು ಹಾಕಿ ಬಿಗಿದ.
ಏಳುನೂರು ರೂಪಾಯಿ. ಅಂದರೆ ಮೂವತ್ತೈದು ಗಂಟೆಯ ಆಟ.
ರಿಕ್ಷಾದಲ್ಲಿ ತೊಡೆಯ ಮೇಲಿಟ್ಟು ತಂದೆ,
ಹಂಪು ಬಂದಲ್ಲೆಲ್ಲ ಅಂಗೈ ಅಡಿಗೆ ಕೊಟ್ಟು.

ಇಪ್ಪತ್ತಮೂರು ದಿನದ ಮೇಲೆ ಇಬ್ಬರೂ ಬಂದರು. ಜಗಳಕ್ಕಲ್ಲ.
ಅದೇ ತಂಡ, ಅದೇ ಅಂಗಿಯ ಬಣ್ಣ ಆರಿಸಿದರು.
ಮುಜಮ್ಮಿಲ ಗೋಲ್‌ಕೀಪರನ್ನು ಪಕ್ಕಕ್ಕೆ ಸರಿಸಿ
ಮೂರು ಗೋಲು ಬಿಟ್ಟುಕೊಟ್ಟ, ಒಂದೊಂದನ್ನೂ ಎಣಿಸಿ.
ಬಾಬುಸೋ ಒಂದು ಕೊಟ್ಟ, ಹಲ್ಲು ಕಡಿಯುತ್ತ.
ಆಮೇಲೆ ಕಂಟ್ರೋಲರು ಚಾಪೆಯ ಮೇಲಿಟ್ಟು
ಸುಮ್ಮನೆ ಕೂತರು,
ಆಟದ ಗಡಿಯಾರ ಎಪ್ಪತ್ನಾಲ್ಕು ಮುಟ್ಟಲೆಂದು.

ಮೈದಾನದ ನಡುವೆ ಒಬ್ಬ ಚೆಂಡು ಕಾಲಡಿಯಿಟ್ಟು
ಎಲ್ಲೋ ನೋಡುತ್ತ ನಿಂತಿದ್ದಾನೆ.
ಸುತ್ತ ಸಾವಿರಾರು ಜನ ಕೂಗುತ್ತಲೇ ಇದ್ದಾರೆ, ಯಾತಕ್ಕೋ.
ನಾನು ದನಿ ಪೂರ್ತಿ ಇಳಿಸಿದೆ.
ಫ್ಯಾನು ಕೇಳಿಸಿತು. ತೆಳ್ಳಗೆ, ಒಂದೇ ಸಮ.
ಮೂವರೂ ಅದನ್ನೇ ಕೇಳುತ್ತ ಕೂತೆವು.
ಈ ನಿಮಿಷಗಳಿಗೆ ದುಡ್ಡು ಹಿಡಿಯುವುದೋ ಬಿಡುವುದೋ ತಿಳಿಯದೆ
ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದೆ.

ಅರವತ್ತೊಂಬತ್ತು.
ಮುಜಮ್ಮಿಲ ಬೆವರಿದ ಅಂಗೈ ಚಡ್ಡಿಗೆ ಒರೆಸಿಕೊಂಡ.
ಎಪ್ಪತ್ತು.
ಹೆದ್ದಾರಿಯಲ್ಲಿ ಅದಿರಿನ ಲಾರಿಯೊಂದು ಹಾದು
ನೆಲ ಸಣ್ಣಗೆ ನಡುಗಿತು.
ಬಾಬುಸೋ ಕೈಚಾಚಿ ಪೆಟ್ಟಿಗೆಯನ್ನು ಹಿಡಿದುಕೊಂಡ.
ಎಪ್ಪತ್ತೊಂದು.